ಅಪ್ಪನ ಹೆಬ್ಬೆಟ್ಟು

"ಕೋರ್ಟಿಗೆ ಹೋಗ್ತೀಯಾ? ಹೋಗು. ದುಡ್ಡು ಕೇಳೋಕೆ ನೀನು ಹೋದ್ರೆ, ಮಗಳನ್ನ ಕೇಳೋಕೆ ನಾನು ಬರ್ತೀನಿ."

ಇಷ್ಟು ಹೇಳಿ ಅವನು ಫೋನಿಟ್ಟ. ಅವಳು ಆಸ್ಪತ್ರೆಯ ಲಾಂಡ್ರಿಯಲ್ಲಿ, ಬಟ್ಟೆ ಒಣಗಿಸುವ ಯಂತ್ರಗಳ ಹಿಂದಿನ ಸಂದಿಯಲ್ಲಿ ನಿಂತಿದ್ದಳು. ಅಲ್ಲಿ ಗೋಡೆ ಮುಟ್ಟಿದರೂ ಕೈ ಸುಡುತ್ತದೆ, ಅಷ್ಟು ಬಿಸಿ. ಅಂಥ ಜಾಗದಲ್ಲಿ ನಿಂತವಳಿಗೆ ಕೈಕಾಲು ತಣ್ಣಗಾಗಿಬಿಟ್ಟವು. ದುಡ್ಡು ಹಾಳಾಗಿ ಹೋಗಲಿ, ಮಗಳು ಹೋದರೆ ತನಗೆ ಈ ಭೂಮಿಯ ಮೇಲೆ ಇನ್ನೇನಿದೆ ಎಂದುಕೊಂಡಳು.

ಅವನು ಎಂದರೆ ಅವಳ ಮಾಜಿ ಗಂಡ. ಬಿಸ್ಕತ್ತು ಕಾರ್ಖಾನೆಯಲ್ಲಿ ಮೆಕ್ಯಾನಿಕ್. ಕೈತುಂಬ ಸಂಬಳ, ಬಾಯಿತುಂಬ ಮಾತು. ಇಬ್ಬರೂ ಬೇರೆಯಾದಾಗ ಮಗಳ ಖರ್ಚಿಗೆ ತಿಂಗಳು ತಿಂಗಳು ಇಷ್ಟು ಕೊಡತಕ್ಕದ್ದು ಎಂದು ಕೋರ್ಟೇ ಬರೆದುಕೊಟ್ಟಿತ್ತು. ಮೊದಮೊದಲು ಕೊಟ್ಟ. ಆಮೇಲೆ ತಡಮಾಡಿ ಕೊಟ್ಟ. ಆಮೇಲೆ ಕೊಡುತ್ತೇನೆ ಎಂದ. ಆಮೇಲೆ ಅದನ್ನೂ ಅನ್ನಲಿಲ್ಲ. ಹೆತ್ತ ಮಗಳ ಹೊಟ್ಟೆಗೆ ಹಾಕಲು ಕೈ ಬಾರದ ಭೂಪ, ಹೊಸ ಬೈಕು ಕೊಂಡದ್ದನ್ನು ಮಾತ್ರ ಊರೆಲ್ಲ ನೋಡಿತ್ತು.

"ಏನಂದ ಗಂಡುಗಲಿ?" ಎಂದು ಸೈರನ್ನಕ್ಕ ಕೂಗಿದಳು. ಈ ಸೈರನ್ನಕ್ಕ ಲಾಂಡ್ರಿಯ ಹಳೇ ಆಳು. ಅಷ್ಟೂ ಯಂತ್ರಗಳ ಗದ್ದಲವನ್ನು ಮೀರಿ ಕೇಳಿಸುವ ಗಂಟಲು ದೇವರು ಅವಳೊಬ್ಬಳಿಗೇ ಕೊಟ್ಟಿದ್ದ. ಹಾಸಿಗೆಯ ದೊಡ್ಡ ಬಟ್ಟೆ ಮಡಿಚಲು ಇಬ್ಬರು ಬೇಕು. ಆ ತುದಿ ಒಬ್ಬಳು, ಈ ತುದಿ ಇನ್ನೊಬ್ಬಳು, ಎಳೆದು ಬಿಗಿಮಾಡಿ, ಹತ್ತಿರ ಬಂದು, ಅಂಚಿಗೆ ಅಂಚು ಸೇರಿಸಿ, ಮತ್ತೆ ದೂರ. ಹೀಗೆ ಹತ್ತಿರ ಬಂದಾಗಲೆಲ್ಲ ಒಂದೊಂದು ಮಾತು. ಇಬ್ಬರ ಸಂಸಾರದ ಕಥೆಯೆಲ್ಲ ಹೀಗೆ ತುಂಡು ತುಂಡಾಗಿಯೇ ಒಬ್ಬರಿಗೊಬ್ಬರಿಗೆ ಗೊತ್ತಾಗಿತ್ತು.

"ಮಗಳನ್ನ ಕಿತ್ಕೊಳ್ತಾನಂತೆ," ಎಂದಳು ಇವಳು.

"ಅಯ್ಯೋ ಅವನ ಬಾಯಿಗಿಷ್ಟು! ಸಾಕೋಕೆ ಕಾಸಿಲ್ಲ ಅಂದೋನು ಸಾಕ್ತೀನಿ ಅಂತಾನಾ? ನೋಡು ಇಸ್ತ್ರಿ, ಹೆದರಿದೋಳ ಮೇಲೆ ಕಪ್ಪೆನೂ ಹಾರುತ್ತೆ. ನಾಳೆನೇ ವಕೀಲಮ್ಮನ ಹತ್ರ ಹೋಗು."

ಇಸ್ತ್ರಿ ಎಂಬುದು ಇವಳಿಗೆ ಲಾಂಡ್ರಿಯವರು ಇಟ್ಟ ಹೆಸರು. ಕೆಲಸ ನೋಡಿ ಇಟ್ಟದ್ದಲ್ಲ, ಅದಕ್ಕೆ ಯಂತ್ರವಿದೆ; ಸ್ವಭಾವ ನೋಡಿ ಇಟ್ಟದ್ದು. ಎಲ್ಲಿ ಸುಕ್ಕು ಕಂಡರೂ ಇವಳ ಕೈ ಸುಮ್ಮನಿರದು. ಬಸ್ಸಿನಲ್ಲಿ ಗುರುತಿಲ್ಲದವರ ಕಾಲರು ಮಡಿಚಿಕೊಂಡಿದ್ದರೂ ಸರಿಮಾಡಿಬಿಡುವ ಪೈಕಿ. ಬಟ್ಟೆಗಾದರೆ ಸರಿಯಪ್ಪ. ಬದುಕಿನ ಸುಕ್ಕಿಗೂ ಅದನ್ನೇ ಮಾಡಲು ಹೊರಟಿದ್ದಳು ನೋಡಿ, ಗ್ರಹಚಾರ ಅಲ್ಲಿ ಕಾದಿತ್ತು.

ವಕೀಲಮ್ಮನ ಆಫೀಸು ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿ. ಕೆಳಗೆ ಯಂತ್ರ ಓಡಿದಾಗಲೆಲ್ಲ ಮೇಲಿನ ಮೇಜು ಸಣ್ಣಗೆ ನಡುಗುತ್ತಿತ್ತು. ವಕೀಲಮ್ಮ ವಯಸ್ಸಾದವರು, ಸದಾ ಕೆಮ್ಮಿನ ಮಿಠಾಯಿ ಚೀಪುವವರು. ಸಿಟ್ಟು ಬಂದರೆ ಮಿಠಾಯಿ ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ವರ್ಗವಾಗುತ್ತಿತ್ತು. ಹಳೇ ತೀರ್ಪನ್ನು ಓದಿ ಅವರು ಕನ್ನಡಕ ತೆಗೆದರು.

"ಇದನ್ನ ಹಲ್ಲಿಲ್ಲದ ಹಾವು ಅಂದ್ಕೊಂಡಿದ್ದಾನೆ ಅವನು. ಹಲ್ಲಿದೆಯಮ್ಮ. ಕೊಟ್ಟ ತೀರ್ಪು ನಡೀತಿಲ್ಲ, ನಡೆಸಿಕೊಡಿ ಅಂತ ಮೊದಲು ಒಂದು ಅರ್ಜಿ ಹಾಕೋಣ. ಆಮೇಲೆ ದಾರಿ ಬೇಕಾದಷ್ಟಿವೆ. ಕಾರ್ಖಾನೆಗೇ ಆದೇಶ ಹೋಗುತ್ತೆ. ಸಂಬಳ ಅವನ ಕೈ ಸೇರೋಕೆ ಮುಂಚೆನೇ ಮಗಳ ಪಾಲು ಕಡಿದು ನಿನ್ನ ಖಾತೆಗೆ ಹಾಕ್ತಾರೆ. ಅವನ ಬ್ಯಾಂಕಿನ ಮೇಲೆ ಕೈ ಇಡಬಹುದು. ಬೈಕು ಜಪ್ತಿ ಮಾಡಿಸಬಹುದು. ಯಾವುದಕ್ಕೂ ಬಗ್ಗಲ್ಲ ಅಂದ್ರೆ ವಾರಂಟು. ಸ್ವಲ್ಪ ದಿನ ಒಳಗೆ ಕೂತು ಯೋಚನೆ ಮಾಡಲಿ."

"ಜೈಲಾ? ಬೇಡಿ ಮೇಡಂ. ಮಗಳಿಗೆ ಅಪ್ಪ ಅಂದ್ರೆ ಪ್ರಾಣ."

"ಆ ಪ್ರಾಣಕ್ಕೆ ಊಟ ಹಾಕ್ತಿರೋರು ಯಾರು?"

ಇಸ್ತ್ರಿ ಮೇಜಿನ ಮೇಲಿದ್ದ ಫೈಲಿನ ಮಡಿಚಿದ ಮೂಲೆಯನ್ನು ಬೆರಳಿನಿಂದ ನೇರಮಾಡುತ್ತ, "ಅವನು ಮಗಳನ್ನ ಕೇಳ್ತಾನಂತೆ," ಎಂದಳು.

"ಕೇಳಲಿ. ಕೇಳೋಕೆ ಬಾಯಿದ್ರೆ ಸಾಕು, ಕೊಡೋಕೆ ಕಾರಣ ಬೇಕು. ಅಮ್ಮ ಖರ್ಚಿಗೆ ಕೇಳಿದ್ಲು ಅಂತ ಯಾವ ಕೋರ್ಟೂ ಮಗೂನ ಎತ್ತಿ ಕೊಡಲ್ಲ. ನನಗೆ ನಿನ್ನಿಂದ ಬೇಕಾಗಿರೋದು ಒಂದೇ. ಸುಳ್ಳು ಇರಬಾರದು. ಅವನು ಕೊಡೋದು ನಿಲ್ಲಿಸಿದ ದಿನದಿಂದ ಇವತ್ತಿನವರೆಗೆ ಏನಾದ್ರೂ ಕೊಟ್ಟಿದ್ದಾನಾ? ದುಡ್ಡು, ಬಟ್ಟೆ, ಪುಸ್ತಕ, ಏನಾದ್ರೂ?"

"ಒಂದು ಗುಂಡಿ ಕೂಡ ಕೊಟ್ಟಿಲ್ಲ ಮೇಡಂ."

ಅದು ಸತ್ಯವೇ. ಪ್ರಮಾಣ ಮಾಡಿ ಸಹಿ ಹಾಕಿದಳು. ಆದರೆ ಇನ್ನೊಂದು ವಿಷಯವಿತ್ತು. ಅದನ್ನು ಅವಳು ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಅದು ಸುಳ್ಳು ಎಂದೇ ಅವಳಿಗೆ ಹೊಳೆದಿರಲಿಲ್ಲ.

ಮಗಳನ್ನು ಮನೆಯಲ್ಲಿ ಪಿಟೀಲು ಎನ್ನುತ್ತಿದ್ದರು. ಕೂಸಾಗಿದ್ದಾಗ ಅಳುತ್ತಿದ್ದ ಶ್ರುತಿಗೆ ಅಪ್ಪನೇ ಇಟ್ಟ ಹೆಸರು. ದುಡ್ಡು ನಿಂತ ಹೊಸದರಲ್ಲಿ, ಪಿಟೀಲಿನ ಶಾಲೆಯ ಶೂ ಹರಿದು ಹೆಬ್ಬೆರಳು ಹೊರಗೆ ಇಣುಕಿತು. ಇಸ್ತ್ರಿ ಲಾಂಡ್ರಿಯಲ್ಲಿ ಹೆಚ್ಚಿನ ಪಾಳಿ ಮಾಡಿ ಹೊಸ ಶೂ ತಂದಳು. ಡಬ್ಬ ಬಿಚ್ಚಿದ ಹುಡುಗಿ ಕಣ್ಣರಳಿಸಿ, "ಅಪ್ಪ ಕಳ್ಸಿದ್ದಾ?" ಎಂದು ಕೇಳಿದಳು. ಆ ಮುಖದಲ್ಲಿದ್ದ ಆಸೆ ನೋಡಿ ಇವಳ ಕರುಳು ಚುರುಕ್ಕೆಂದಿತು. "ಹೂಂ, ಅಪ್ಪನೇ," ಎಂದುಬಿಟ್ಟಳು.

ಒಂದು 'ಹೂಂ' ಅಷ್ಟೇ. ಆದರೆ ಒಂದು ಸುಳ್ಳಿಗೆ ಹತ್ತು ಸುಳ್ಳಿನ ಕಾವಲು ಬೇಕು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಮುಂದೆ ಕನ್ನಡಕ ಬಂತು, ಅಪ್ಪನ ಹೆಸರಲ್ಲಿ. ಬಣ್ಣದ ಪೆನ್ಸಿಲ್ ಬಂತು, ಅಪ್ಪನ ಹೆಸರಲ್ಲಿ. ಶಾಲೆಯ ಪ್ರವಾಸ, ಚಳಿಯ ಕೋಟು, ಹುಟ್ಟುಹಬ್ಬದ ಸ್ಕೇಟು, ಎಲ್ಲ ಅಪ್ಪನವೇ. ಪಿಟೀಲು ಚುರುಕು, ಬಿಲ್ಲು ಕಂಡರೆ ಓದಿಬಿಡುತ್ತಾಳೆಂದು ಬಿಲ್ಲನ್ನೂ ಬೆಲೆಚೀಟಿಯನ್ನೂ ಇಸ್ತ್ರಿ ಹರಿದು ಆಸ್ಪತ್ರೆಯ ಕಸದ ಡಬ್ಬಿಗೆ ಹಾಕಿ ಬರುತ್ತಿದ್ದಳು. ಅಷ್ಟು ಜಾಣತನ! ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಅಪ್ಪನ ಜೊತೆ ಮಾತಾಡಲೆಂದು ಮಗಳಿಗೆ ಒಂದು ಹಳೇ ಫೋನು ಕೊಟ್ಟಿದ್ದಳು. ಅವನು ಫೋನು ಎತ್ತುವುದು ಅಪರೂಪ. ಹುಡುಗಿ ವಾಯ್ಸ್ ಮೆಸೇಜಿನಲ್ಲಿ ದನಿ ತುಂಬಿ ಕಳಿಸುತ್ತಿದ್ದಳು. ತಂದೆ ಮಗಳ ಮಾತು ನಾನ್ಯಾಕೆ ಕೇಳಲಿ ಎಂದು ಇಸ್ತ್ರಿ ಆಚೆ ಹೋಗುತ್ತಿದ್ದಳು. ಎಲ್ಲಿ ಅವನು 'ನಾನೇನೂ ಕಳ್ಸಿಲ್ಲವಲ್ಲ' ಎಂದುಬಿಡುತ್ತಾನೋ ಎಂದು ಒಳಗೊಳಗೇ ಪುಕುಪುಕು. ಅವನು ಹಾಗೆ ಅನ್ನಲಿಲ್ಲ. ಪ್ರತಿ ಸಲವೂ ಒಂದು ಚಿತ್ರ ಕಳಿಸುತ್ತಿದ್ದ, ಮೇಲೆತ್ತಿದ ಹೆಬ್ಬೆಟ್ಟಿನದು. "ಅಮ್ಮಾ, ಅಪ್ಪ ಹೆಬ್ಬೆಟ್ಟು ಹಾಕಿದ್ರು!" ಎಂದು ಪಿಟೀಲು ಕುಣಿಯುತ್ತಿದ್ದಳು. ಪಾಪ, ಅಷ್ಟಾದರೂ ಮಾನ ಉಳಿಸಿದನಲ್ಲ ಎಂದು ಈ ಹುಚ್ಚಿ ಅವನಿಗೆ ಮನಸ್ಸಿನಲ್ಲೇ ಕೈ ಮುಗಿದದ್ದೂ ಉಂಟು.

ವಿಚಾರಣೆಯ ದಿನ ಅವನು ಗರಿಗರಿ ಶರ್ಟು ಹಾಕಿಕೊಂಡು ಬಂದಿದ್ದ. ಅವನ ವಕೀಲ ಎಳೆಯ ವಯಸ್ಸಿನವನು, ನಯವಾದ ಮಾತಿನವನು. ಮೇಲೆ ಕೂತಿದ್ದ ನ್ಯಾಯಾಧೀಶೆ ಸಣ್ಣಗೆ, ದಣಿದವರಂತೆ ಕಾಣುತ್ತಿದ್ದರು. ವಕೀಲಮ್ಮ ತಮ್ಮ ಅರ್ಜಿ ಓದಿ ಕೂತರು. ಆ ಎಳೆಯ ವಕೀಲ ಎದ್ದು ನಿಂತ.

"ನನ್ನ ಕಕ್ಷಿದಾರರು ಬ್ಯಾಂಕಿನ ಮೂಲಕ ಕೊಟ್ಟಿಲ್ಲ, ನಿಜ. ಆದರೆ ಮಗಳಿಗೆ ಬೇಕಾದ ಒಂದೊಂದು ವಸ್ತುವನ್ನೂ ತಾವೇ ಕೊಟ್ಟಿದ್ದಾರೆ. ಸಾಕ್ಷಿ ನಾನಲ್ಲ, ಮಗುವೇ," ಎಂದು ಫೋನನ್ನು ಮೈಕಿನ ಹತ್ತಿರ ಹಿಡಿದ.

'ಅಪ್ಪಾ! ಶೂ ಬಂತು! ಕರೆಕ್ಟಾಗಿ ಆಗುತ್ತೆ! ಥ್ಯಾಂಕ್ಸ್ ಅಪ್ಪಾ!'

ಪಿಟೀಲಿನ ದನಿ ಕೋರ್ಟಿನ ನಾಲ್ಕು ಗೋಡೆಗೂ ಬಡಿದು ತಿರುಗಿತು. ಒಂದಾದ ಮೇಲೆ ಒಂದು ಬಂದವು. 'ಅಪ್ಪಾ, ಕನ್ನಡಕ ಹಾಕ್ಕೊಂಡ್ರೆ ಬೋರ್ಡು ಚೆನ್ನಾಗಿ ಕಾಣ್ಸುತ್ತೆ.' 'ಅಪ್ಪಾ, ಕೋಟು ಎಷ್ಟು ಬೆಚ್ಚಗಿದೆ ಗೊತ್ತಾ?' ಹಿಂದಿನ ಬೆಂಚಿನಲ್ಲಿ ಬೇರೆ ಕೇಸಿಗೆ ಬಂದಿದ್ದವರು ನಸುನಕ್ಕು, ಆಮೇಲೆ ಇವಳ ಕಡೆ ತಿರುಗಿ ನೋಡಿದರು. ಹೆತ್ತ ಮಗಳ ದನಿ ಕೇಳಿ ಹೀಗೂ ಜೀವ ಬಾಯಿಗೆ ಬರುತ್ತದೆಯೇ! ಎದ್ದು ಹೋಗಿ ಆ ಫೋನನ್ನು ಕಿತ್ತುಕೊಳ್ಳಬೇಕೆನಿಸಿತು. ತೊಡೆಯ ಮೇಲಿನ ಬಟ್ಟೆಯ ಸುಕ್ಕನ್ನು ತೀಡುತ್ತ ಕೂತೇ ಇದ್ದಳು.

"ಏನೂ ಕೊಟ್ಟಿಲ್ಲ ಅಂತ ಈಕೆ ಪ್ರಮಾಣ ಮಾಡಿದ್ದಾರೆ. ಸುಳ್ಳು ಪ್ರಮಾಣ ಮಾಡಿದ್ದಕ್ಕೆ ಕ್ರಮ ಆಗಬೇಕು. ಇಂಥ ತಾಯಿಯ ಹತ್ತಿರ ಮಗು ಬೆಳೆಯುವುದು ಕ್ಷೇಮವಲ್ಲ, ಮಗಳನ್ನು ತಂದೆಯ ವಶಕ್ಕೆ ಕೊಡಬೇಕೆಂದು ನಮ್ಮದೂ ಒಂದು ಅರ್ಜಿ ಇದೆ," ಎಂದು ಆ ವಕೀಲ ಕಾಗದ ಮುಂದಿಟ್ಟ.

ನ್ಯಾಯಾಧೀಶೆ ಇಸ್ತ್ರಿಯನ್ನು ದಿಟ್ಟಿಸಿ ನೋಡಿದರು. "ಮುಂದಿನ ಸಲ ಮಗುವನ್ನು ಕರೆತನ್ನಿ. ನಾನೇ ಮಾತಾಡುತ್ತೇನೆ," ಎಂದರು.

ಹೊರಗೆ ಬಂದ ವಕೀಲಮ್ಮ ಮಿಠಾಯಿಯನ್ನು ಕಟಕ್ಕೆಂದು ಕಡಿದರು. ಓಣಿಯ ಕೊನೆಯ ಕಿಟಕಿಯ ಹತ್ತಿರ ಇವಳನ್ನು ನಿಲ್ಲಿಸಿಕೊಂಡು ಕಥೆಯನ್ನೆಲ್ಲ ಬಾಯಿ ಬಿಡಿಸಿದರು.

"ಅಯ್ಯೋ ನನ್ನ ತಾಯಿ! ಕೊಟ್ಟೋಳು ಕೋಡಂಗಿ, ಇಸ್ಕೊಂಡೋನು ಈರಭದ್ರ! ದುಡಿದೋಳು ನೀನು, ಥ್ಯಾಂಕ್ಸ್ ಇಸ್ಕೊಂಡೋನು ಅವನು. ಅದೂ ಹೆಬ್ಬೆಟ್ಟು ಒತ್ತಿ ಇಸ್ಕೊಂಡಿದ್ದಾನೆ! ಬಿಲ್ಲು ಕೊಡು, ನಾಳೆನೇ ಮುಖಕ್ಕೆ ಹಿಡೀತೀನಿ."

"ಬಿಲ್ಲು ಇಲ್ಲ ಮೇಡಂ. ಹರಿದು ಹಾಕಿದೆ. ಎಲ್ಲಾ ಕಡೆ ನಗದೇ ಕೊಟ್ಟಿದ್ದು."

ವಕೀಲಮ್ಮ ದನಿ ತಗ್ಗಿಸಿ, "ಕೇಳು. ಮಗೂಗೆ ಏನೂ ಹೇಳ್ಕೊಡಬೇಡ. ನ್ಯಾಯಾಧೀಶೆ ಮೊದಲು ಕೇಳೋದೇ ಅದನ್ನ. ತಾಯಿ ಹೇಳ್ಕೊಟ್ಟು ಕರ್ಕೊಂಡು ಬಂದಿದ್ದಾಳೆ ಅನ್ನಿಸಿತೋ, ಮುಗೀತು. ಮಗಳು ಕೈ ಬಿಟ್ಟು ಹೋದ್ರೂ ಹೋದ್ಲೇ," ಎಂದರು.

"ಹೇಳ್ದೇ ಇದ್ರೆ ಅಪ್ಪನೇ ಕೊಟ್ಟಿದ್ದು ಅಂತಾಳಲ್ಲ ಮೇಡಂ!"

"ಅಂತಾಳೆ."

ಅತ್ತ ದರಿ ಇತ್ತ ಪುಲಿ. ಹೇಳಿದರೆ ಮಗುವಿಗೆ ಪಾಠ ಮಾಡಿದ ಕಳ್ಳಿ. ಹೇಳದಿದ್ದರೆ ಸುಳ್ಳು ಪ್ರಮಾಣದ ಕಳ್ಳಿ. ಮನೆಗೆ ಬಂದರೆ ಪಿಟೀಲು ಅದೇ ಶೂ ಬಿಚ್ಚಿ, ಅದೇ ಕೋಟು ತೂಗುಹಾಕಿ, ಅದೇ ಕನ್ನಡಕದಲ್ಲಿ ಇವಳನ್ನು ನೋಡಿ ನಗುತ್ತಿದ್ದಳು. ಮನೆತುಂಬ ಅವನು ಕೊಡದ ವಸ್ತುಗಳು. ಬಾಗಿಲು ಬಡಿದರೆ ಬೆಚ್ಚುತ್ತಿದ್ದಳು. ಶಾಲೆ ಬಿಡುವ ಹೊತ್ತಿಗೆ ಎಲ್ಲಿ ಅವನೇ ಬಂದು ಬೈಕಿನಲ್ಲಿ ಕೂರಿಸಿಕೊಂಡು ಹೋಗಿಬಿಡುತ್ತಾನೋ ಎಂದು ಪಾಳಿ ಬದಲಿಸಿಕೊಂಡು ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಹುಡುಗಿ ಬರುವುದು ಒಂದು ಚೂರು ತಡವಾದರೂ ಗೇಟಿನೊಳಗೇ ನುಗ್ಗಿ ಹುಡುಕುತ್ತಿದ್ದಳು.

ಲಾಂಡ್ರಿಯಲ್ಲಿ ಅವಳು ಹಿಡಿದ ಬಟ್ಟೆಯ ಅಂಚು ಅಂಚಿಗೆ ಕೂಡುತ್ತಲೇ ಇರಲಿಲ್ಲ. ಸೈರನ್ನಕ್ಕ ಎರಡು ಸಲ ಬಿಚ್ಚಿ ಮಡಿಚಿ, ಮೂರನೆಯ ಸಲ ಬಟ್ಟೆಯನ್ನೇ ಕೆಳಗೆ ಹಾಕಿದಳು.

"ಹೇಳಿಬಿಡೇ ಮಗೂಗೆ."

"ವಕೀಲಮ್ಮ ಬೇಡ ಅಂದಿದ್ದಾರೆ. ಹೇಳಿದ್ರೆ ಕೇಸು ಹೋಗುತ್ತೆ."

"ಕೇಸು ಅತ್ಲಾಗಿರಲಿ. ನಾಳೆ ಆ ಮಗು ಅಷ್ಟು ಜನರ ಮುಂದೆ ನಿಂತ್ಕೊಂಡು ನಮ್ಮಪ್ಪ ಕೊಟ್ರು ಅಂತ ಎದೆ ತಟ್ಟಿ ಹೇಳುತ್ತೆ. ಅಲ್ಲಿ ಯಾರೋ ಕರಿಕೋಟಿನೋರು ಎದ್ದು ಇಲ್ಲ ಕಣಮ್ಮ, ನಿಮ್ಮಮ್ಮ ನಿನಗೆ ಸುಳ್ಳು ಹೇಳಿದ್ದು ಅಂತಾರೆ. ಬೇರೆಯೋರ ಬಾಯಲ್ಲಿ ಕೇಳಿಸ್ತೀಯಾ ಅದನ್ನ?"

ಸೈರನ್ನಕ್ಕ ಈ ಮಾತನ್ನು ಮೆಲ್ಲಗೆ ಹೇಳಿದ್ದಳು. ಅವಳು ಮೆಲ್ಲಗೆ ಮಾತಾಡಿದ್ದನ್ನು ಇಸ್ತ್ರಿ ಅದೇ ಮೊದಲು ಕೇಳಿದ್ದು. ಅದಕ್ಕೇ ಇನ್ನಷ್ಟು ಹೆದರಿಕೆಯಾಯಿತು.

ಭಾನುವಾರ ಮಧ್ಯಾಹ್ನ ಪಿಟೀಲು ಬಾಗಿಲ ಬಳಿ ಕೂತು ಶೂಗೆ ಪಾಲಿಶ್ ಹಾಕುತ್ತಿದ್ದಳು. ಇಸ್ತ್ರಿ ಬಂದು ಎದುರಿಗೆ ಕೂತಳು. ಎಲ್ಲಿಂದ ಶುರುಮಾಡುವುದು? ಕೊನೆಗೆ ಕಣ್ಣುಮುಚ್ಚಿ ನೀರಿಗೆ ಹಾರುವವಳಂತೆ, "ಆ ಶೂ ಅಪ್ಪ ಕಳ್ಸಿದ್ದಲ್ಲ. ನಾನು ತಂದಿದ್ದು," ಎಂದಳು.

ಹುಡುಗಿ ಬ್ರಶ್ಶು ನಿಲ್ಲಿಸಿದಳು. "ಕನ್ನಡಕ?"

"ನಾನೇ."

"ಕೋಟು?"

"ಅದೂ ನಾನೇ. ಅಪ್ಪ ಕಳ್ಸೋದು ನಿಲ್ಸಿ ಬಹಳ ದಿನ ಆಯ್ತು. ನಿನಗೆ ಬೇಜಾರಾಗುತ್ತೆ ಅಂತ ನಾನು ಸುಳ್ಳು ಹೇಳ್ದೆ."

"ಸ್ಕೇಟು?" ಎಂದಳು ಪಿಟೀಲು. ದನಿ ತೀರಾ ಸಣ್ಣದಾಗಿತ್ತು. ಅದೂ ನಾನೇ ಎಂಬಂತೆ ಇಸ್ತ್ರಿ ತಲೆಯಾಡಿಸಿದಳು.

ಮಗಳು ಅಳುತ್ತಾಳೆ ಎಂದುಕೊಂಡಿದ್ದಳು. ಅತ್ತಿದ್ದರೆ ಎದೆಗವಚಿಕೊಂಡು ತಾನೂ ಅತ್ತು ಹಗುರಾಗಬಹುದಿತ್ತು. ಪಿಟೀಲು ಅಳಲಿಲ್ಲ. ಅರ್ಧ ಪಾಲಿಶ್ ಆದ ಶೂವನ್ನು ಕೆಳಗಿಟ್ಟು, "ಹಾಗಾದ್ರೆ ಅವರು ಹೆಬ್ಬೆಟ್ಟು ಯಾಕೆ ಹಾಕಿದ್ರು?" ಎಂದು ಕೇಳಿದಳು.

ಮಗಳು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕೋರ್ಟಿಗೆ ಹೋಗುವ ಬೆಳಿಗ್ಗೆವರೆಗೂ ಕೇಳಿದ್ದಕ್ಕೆ 'ಹೂಂ', 'ಉಹೂಂ' ಬಿಟ್ಟರೆ ಮಾತಿಲ್ಲ. ಆ ಶೂ ಹಾಕಿಕೊಳ್ಳಲಿಲ್ಲ. ಮನೆಯ ಚಪ್ಪಲಿಯಲ್ಲೇ ಬಂದಳು. ದಾರಿಯಲ್ಲಿ 'ಸುಳ್ಳು ಹೇಳ್ಬೇಡ ಮಗಳೇ' ಎನ್ನಬೇಕೆಂದುಕೊಂಡ ಇಸ್ತ್ರಿ, ಯಾವ ಬಾಯಿಂದ ಹೇಳಲಿ ಎಂದು ನಾಚಿ ಸುಮ್ಮನಾದಳು. ಈ ಹುಡುಗಿ ಒಳಗೆ ಏನು ಹೇಳುತ್ತಾಳೆಂದು ಹೆತ್ತವಳಿಗೇ ಗೊತ್ತಿರಲಿಲ್ಲ. ಸಿಟ್ಟಿನಲ್ಲಿ, ನಾನು ಅಪ್ಪನ ಜೊತೆನೇ ಹೋಗ್ತೀನಿ ಎಂದರೆ?

ಕೋರ್ಟಿನ ಮೆಟ್ಟಿಲ ಹತ್ತಿರ ಅವನು ನಿಂತಿದ್ದ. "ಪಿಟೀಲು! ಬಾರೇ ಇಲ್ಲಿ, ಎಷ್ಟು ಉದ್ದ ಆಗಿದ್ದೀಯ!" ಎಂದು ಕೈ ಚಾಚಿದ. ಹುಡುಗಿ ಅಮ್ಮನ ಕೈ ಬಿಟ್ಟಳು. ಅಮ್ಮನ ಕೈ ಬಿಟ್ಟು ಅವನ ಹತ್ತಿರವೂ ಹೋಗದೆ, ಇಬ್ಬರ ನಡುವೆ ಒಬ್ಬಳೇ ಮೆಟ್ಟಿಲು ಹತ್ತಿದಳು.

ನ್ಯಾಯಾಧೀಶೆ ಈ ಕೇಸಿನವರನ್ನು ಬಿಟ್ಟು ಉಳಿದವರನ್ನೆಲ್ಲ ಹೊರಗೆ ಕಳಿಸಿದರು. ಹುಡುಗಿಗೆ ತಮ್ಮ ಮೇಜಿನ ಪಕ್ಕದಲ್ಲೇ ಕುರ್ಚಿ ಹಾಕಿಸಿ, ನೀರು ಕೊಡಿಸಿ, ಫೋನಿನ ದನಿ ಕೇಳಿಸಿದರು.

"ಇದು ನಿನ್ನ ದನಿನಾ?"

"ಹೌದು."

"ಈ ವಸ್ತುಗಳನ್ನೆಲ್ಲ ನಿನಗೆ ಯಾರು ಕೊಟ್ಟಿದ್ದು?"

ಪಿಟೀಲು ಲೋಟದೊಳಗೆ ನೋಡುತ್ತ, "ಅಪ್ಪ ಅಂತ ಗೊತ್ತಿತ್ತು. ಈಗ ಗೊತ್ತಿಲ್ಲ," ಎಂದಳು.

"ಇಲ್ಲಿ ಏನು ಹೇಳಬೇಕು ಅಂತ ಅಮ್ಮ ಏನಾದರೂ ಹೇಳಿಕೊಟ್ಟರಾ?"

"ಹೂಂ. ಭಾನುವಾರ ಹೇಳಿದ್ರು."

ಎಳೆಯ ವಕೀಲ ಛಂಗನೆ ಎದ್ದ. "ನೋಡಿ ಮೇಡಂ! ಮಗುವಿನ ಬಾಯಲ್ಲೇ ಬಂತು!" ವಕೀಲಮ್ಮ ಕಣ್ಣುಮುಚ್ಚಿಕೊಂಡರು. ಹೋಯಿತು, ಮಗಳು ಹೋದಳು, ನನ್ನ ಕೈಯಾರೆ ನಾನೇ ಕಳೆದುಕೊಂಡೆ ಎಂದುಕೊಂಡು ಇಸ್ತ್ರಿ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದಳು.

ನ್ಯಾಯಾಧೀಶೆ ವಕೀಲನಿಗೆ ಕೂರುವಂತೆ ಕೈಮಾಡಿ, "ಏನು ಹೇಳಿದರಮ್ಮ?" ಎಂದು ಕೇಳಿದರು.

"ತಾನು ಸುಳ್ಳುಗಾತಿ ಅಂತ ಹೇಳಿದ್ರು."

ಬೆರಳಚ್ಚು ಮಾಡುತ್ತಿದ್ದ ಗುಮಾಸ್ತ ಕೈ ನಿಲ್ಲಿಸಿ ತಲೆಯೆತ್ತಿದ.

"ಅಷ್ಟೇನಾ? ಇಲ್ಲಿ ಹೀಗೆ ಹೇಳು, ಹಾಗೆ ಹೇಳು ಅಂದರಾ?"

"ಇಲ್ಲ. ಆಮೇಲೆ ನಾನೇ ಮಾತು ಬಿಟ್ಟಿದ್ದೀನಿ."

ನ್ಯಾಯಾಧೀಶೆ ಪೆನ್ನು ಕೆಳಗಿಟ್ಟರು. "ವಕೀಲರೇ, ಮಕ್ಕಳಿಗೆ ಹೇಳಿಕೊಟ್ಟು ಕರೆತರುವ ತಾಯಂದಿರನ್ನೂ ತಂದೆಯರನ್ನೂ ಈ ಕುರ್ಚಿಯಲ್ಲಿ ಕೂತು ಬಹಳ ನೋಡಿದ್ದೇನೆ. ತನ್ನನ್ನೇ ಸುಳ್ಳುಗಾತಿ ಅನ್ನು ಅಂತ ಹೇಳಿಕೊಟ್ಟವರನ್ನು ಮಾತ್ರ ಇನ್ನೂ ನೋಡಿಲ್ಲ." ಆಮೇಲೆ ಪಿಟೀಲಿನ ಅಪ್ಪನ ಕಡೆ ತಿರುಗಿದರು. "ನೀವು ಹೇಳಿ. ಈ ವಸ್ತುಗಳನ್ನೆಲ್ಲ ನೀವೇ ಕೊಟ್ಟಿದ್ದೀರಾ?"

ಅವನು ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಪಿಟೀಲು ಕುರ್ಚಿಯಿಂದ ಇಳಿದು ನಿಂತಳು. ಕನ್ನಡಕ ಸರಿಮಾಡಿಕೊಂಡು ನೇರವಾಗಿ ಅವನ ಮುಖವನ್ನೇ ನೋಡಿದಳು.

"ಅಪ್ಪಾ, ನೀವು ಕೊಟ್ಟಿದ್ರೆ ಕೊಟ್ಟೆ ಅನ್ನಿ. ನಾನು ನಂಬ್ತೀನಿ."

ಹೂಂ ಅಂದರೆ ಸಾಕಿತ್ತು ಅವನು. ಒಂದೇ ಒಂದು ಹೂಂ. ಇವಳ ಬಾಯಿಂದ ಅಷ್ಟು ಸಲೀಸಾಗಿ ಬಂದಿದ್ದ ಅದೇ ಹೂಂ. ಅಂದುಬಿಟ್ಟರೆ ಮಗಳು ನಂಬುತ್ತಾಳೆ, ಆ ಮುಖದಲ್ಲಿ ನಂಬುವುದಕ್ಕೆ ಕಾದಿರುವುದು ಕಾಣುತ್ತಿತ್ತು. ಅವನು ಮಗಳನ್ನು ನೋಡಿದ, ತನ್ನ ವಕೀಲನನ್ನು ನೋಡಿದ, ನೆಲ ನೋಡಿದ.

"ನಂಗೆ... ಸರಿಯಾಗಿ ನೆನಪಿಲ್ಲ," ಎಂದ.

"ಸರಿ," ಎಂದಳು ಪಿಟೀಲು. ತಿರುಗಿ ಬಂದು ಕುರ್ಚಿಯಲ್ಲಿ ಕೂತಳು. ಆಗ ಅವಳ ಗಲ್ಲ ಅದುರುತ್ತಿತ್ತು.

ಆದೇಶ ಬಂತು. ಕಾರ್ಖಾನೆಯವರು ಅವನ ಸಂಬಳದಲ್ಲೇ ಮಗಳ ಪಾಲು ಹಿಡಿದು ಪ್ರತಿ ತಿಂಗಳೂ ತಾಯಿಯ ಖಾತೆಗೆ ಕಳಿಸತಕ್ಕದ್ದು, ಹಳೇ ಬಾಕಿಯನ್ನೂ ಕಂತಿನಲ್ಲಿ ಹಿಡಿಯತಕ್ಕದ್ದು; ತಪ್ಪಿದರೆ ಬೈಕಿನ ಜಪ್ತಿ, ಆಮೇಲೂ ತಪ್ಪಿದರೆ ವಾರಂಟು. ಮಗಳನ್ನು ತನ್ನ ವಶಕ್ಕೆ ಕೊಡಿ ಎಂಬ ಅವನ ಅರ್ಜಿ ವಜಾ, ಸುಳ್ಳು ಪ್ರಮಾಣದ ದೂರೂ ವಜಾ. ವಕೀಲಮ್ಮ ಹೊಸ ಮಿಠಾಯಿಯನ್ನು ಬಾಯಿಗೆ ಹಾಕಿಕೊಂಡು, "ಗೆದ್ದೆ ಕಣೇ! ಇನ್ನು ಕಾಲು ಚಾಚಿ ನಿದ್ದೆ ಮಾಡು," ಎಂದು ಬೆನ್ನಿಗೆ ಗುದ್ದಿದರು. ಲಾಂಡ್ರಿಯಲ್ಲಿ ಸೈರನ್ನಕ್ಕ ಕೂಗಿದ ಕೂಗಿಗೆ ಮೇಲಿನ ವಾರ್ಡಿನಿಂದ ನರ್ಸು ಇಳಿದು ಬಂದು ಏನಾಯ್ತು ಎಂದು ವಿಚಾರಿಸಿ ಹೋದಳು.

ಗೆದ್ದದ್ದು ನಿಜ. ದುಡ್ಡು ಬರತೊಡಗಿತು, ಮಗಳು ಮನೆಯಲ್ಲೇ ಉಳಿದಳು. ಮಾತೂ ಆಡುತ್ತಿದ್ದಳು, ಶಾಲೆಯ ವಿಷಯ, ಗೆಳತಿಯರ ಜಗಳ, ಎಲ್ಲ. ಹಳೇ ಫೋನನ್ನು ಮಾತ್ರ ಕಪಾಟಿನ ಮೇಲೆ ಎಸೆದಿದ್ದಳು. ಆದರೆ ಹುಡುಗಿ ಈಗ ಏನನ್ನು ಕೇಳಿದರೂ ಉತ್ತರ ಬಂದ ಮೇಲೆ ಒಂದು ಗಳಿಗೆ ಅಮ್ಮನ ಮುಖವನ್ನು ನೋಡುತ್ತಿದ್ದಳು. ಹಾಲು ಸಿಹಿಯಾಗಿದೆ ಎಂದರೂ ಆ ನೋಟ, ನಾಳೆ ರಜೆ ಎಂದರೂ ಆ ನೋಟ. ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ.

ಒಂದು ಸಂಜೆ ಪಾಳಿ ಮುಗಿಸಿ ಬಂದ ಇಸ್ತ್ರಿ ಗೋಡೆಗೊರಗಿ ಕೂತಳು. ಪಿಟೀಲು ಊಟ ಮಾಡುತ್ತಿದ್ದಳು. ಪಾತ್ರೆಯಲ್ಲಿ ಉಳಿದದ್ದು ಒಬ್ಬರಿಗಾಗುವಷ್ಟೇ. ನಾಳೆ ಬೆಳಿಗ್ಗೆ ಮಗಳ ಡಬ್ಬಿಗೆ ಆಗುತ್ತದೆ ಎಂದು ಇಸ್ತ್ರಿ ಆಗಲೇ ಮನಸ್ಸಿನಲ್ಲಿ ಎತ್ತಿಟ್ಟಾಗಿತ್ತು.

"ಅಮ್ಮಾ, ನಿಂದು ಊಟ ಆಯ್ತಾ?"

"ಹೂಂ, ಆಯ್ತು. ಲಾಂಡ್ರಿಯಲ್ಲೇ."

ಪಿಟೀಲು ತುತ್ತನ್ನು ತಟ್ಟೆಗೆ ವಾಪಸ್ಸಿಟ್ಟು, ಕನ್ನಡಕದ ಹಿಂದಿನಿಂದ ಅಮ್ಮನನ್ನೇ ನೋಡಿದಳು. "ನಿಜವಾಗ್ಲೂ?"

ಅದೇ ಮೊದಲು ಆ ಮಾತು ಬಾಯಿಂದ ಬಂದದ್ದು. ಇಸ್ತ್ರಿಗೆ ಫೋನಿನಲ್ಲಿ ಅವನು ಬೆದರಿಸಿದ ದಿನವೂ, ಮಗಳ ದನಿ ಕೋರ್ಟಿನಲ್ಲಿ ಕೇಳಿಸಿದ ದಿನವೂ ಇಷ್ಟು ಭಯವಾಗಿರಲಿಲ್ಲ. ಇಲ್ಲಿ ಪರವಾಗಿ ವಾದಿಸಲು ವಕೀಲಮ್ಮ ಇಲ್ಲ, ಮುಂದಿನ ತಾರೀಕು ಕೇಳಲು ಬರುವುದಿಲ್ಲ. ಹೂಂ ಎಂದರೆ ಹುಡುಗಿ ಸುಮ್ಮನೆ ಊಟ ಮುಂದುವರಿಸುತ್ತಾಳೆ, ಮತ್ತೆಂದೂ ಕೇಳುವುದಿಲ್ಲ. ನಾಲಿಗೆಯ ತುದಿಯವರೆಗೂ ಬಂದಿದ್ದ ಹೂಂ ಅನ್ನು ಇಸ್ತ್ರಿ ನುಂಗಿಕೊಂಡಳು.

"ಇಲ್ಲ," ಎಂದಳು. "ಹಸಿವಾಗಿದೆ."

ಪಿಟೀಲು ಎದ್ದು ಹೋಗಿ ಇನ್ನೊಂದು ತಟ್ಟೆ ತಂದಳು.